ತಾನಾಗಿ ಆರುವ ದೀಪದವರಿಗೆ, ಶನಿವಾರದ ತರಗತಿಯ ಪರವಾಗಿ

ವಾಟಲ್ ಕ್ರೀಕ್‌ನ ಹಳೆಯ ಸಭಾಂಗಣದ ಚಾವಣಿಯಲ್ಲಿ ವಿರಾಜಮಾನರಾಗಿರುವ, ಮನುಷ್ಯರು ಕದಲಿದರೆ ಬೆಳಗುವ, ಕದಲದಿದ್ದರೆ ಆರುವ, ನಗರಸಭೆಯ ವಿದ್ಯುತ್ ಉಳಿತಾಯ ಯೋಜನೆಯ ಕುಲದೀಪಕರಾದ ಟ್ಯೂಬ್‌ಲೈಟ್ ಮಹಾಶಯರೇ,

ಮಾನ್ಯರೇ,

ತಾವು ಕ್ಷೇಮವಾಗಿ ಉರಿಯುತ್ತಿದ್ದೀರೆಂದೂ ಈ ಪತ್ರ ಮುಗಿಯುವವರೆಗಾದರೂ ಉರಿಯುವಿರೆಂದೂ ನಂಬಿ ಬರೆಯುತ್ತಿದ್ದೇನೆ. ತಮ್ಮ ಕೆಳಗೆ ಪ್ರತಿ ಶನಿವಾರ ಬೆಳಿಗ್ಗೆ, ಕಿವುಡ ಮಕ್ಕಳ ತಂದೆತಾಯಿಗಳಿಗೆ ಸನ್ನೆಭಾಷೆ ಕಲಿಸುವ ಇಬ್ಬರು ಕಿವುಡ ಶಿಕ್ಷಕಿಯರಲ್ಲಿ ನಾನು ಚಿಕ್ಕವಳು. ದೊಡ್ಡವರು ಡೋರೀನ್ ಪ್ಯಾಸ್ಕೋ. ಮೂವತ್ತೊಂದು ವರ್ಷದಿಂದ ಕಲಿಸುತ್ತಿರುವ ಅವರ ಹುಬ್ಬು ಮೇಲೇರಿದರೆ ಬಿಸ್ಕತ್ತು ತಿನ್ನುತ್ತಿದ್ದವರೂ ಜಗಿಯುವುದನ್ನು ನಿಲ್ಲಿಸುತ್ತಾರೆ.

ಕಿವುಡರಾದ ನಾವು ತುಂಬಿದ ಕೋಣೆಯಲ್ಲಿ ಎಲ್ಲರ ಗಮನ ಸೆಳೆಯಬೇಕಾದರೆ ದೀಪದ ಸ್ವಿಚ್ಚನ್ನು ಎರಡು ಸಲ ಆಡಿಸುತ್ತೇವೆ. ದೀಪ ಮಿಣುಕಿತೆಂದರೆ ಕೈಗಳೆಲ್ಲ ಕೆಳಗೆ, ಕಣ್ಣುಗಳೆಲ್ಲ ಮೇಲೆ. ತಾವಾದರೋ ಕಳೆದ ಏಪ್ರಿಲ್‌ನಲ್ಲಿ ಪದಗ್ರಹಣ ಮಾಡಿದ ಲಾಗಾಯ್ತು, ಯಾರೂ ಸ್ವಿಚ್ಚು ಮುಟ್ಟದಿದ್ದರೂ ಮನಸ್ಸು ಬಂದಾಗಲೆಲ್ಲ ಮಿಣುಕುತ್ತೀರಿ. ನಾವು ಮಾತು ನಿಲ್ಲಿಸಿ, ಕೈಕಟ್ಟಿ, ತಮ್ಮ ಅಪ್ಪಣೆಗಾಗಿ ಕಾಯುತ್ತೇವೆ. ಅಪ್ಪಣೆ ಏನೂ ಇರುವುದಿಲ್ಲ. ಕದಲದೆ ಕುಳಿತ ನಮ್ಮನ್ನು ನೋಡಿ, ಒಳಗೆ ಯಾರೂ ಇಲ್ಲವೆಂದು ತೀರ್ಮಾನಿಸಿ, ತಾವು ಆರಿಬಿಡುತ್ತೀರಿ. ಹಿಂದೆ ಸಿನಿಮಾ ತೋರಿಸುತ್ತಿದ್ದ, ಕಿಟಕಿಗಳಿಗೆಲ್ಲ ಹಲಗೆ ಬಡಿದ ಆ ಸಭಾಂಗಣದಲ್ಲಿ, ಒಳಗೆ ಜನರಿದ್ದಾರೆಂದು ತಮಗೆ ಮನವರಿಕೆ ಮಾಡಿಕೊಡಲು ನಾವು ಮುಕ್ಕಾಲು ನಿಮಿಷ ಕತ್ತಲಲ್ಲಿ ಕೈ ಬೀಸಬೇಕು. ಇಷ್ಟು ವಿಧೇಯ ಸಭಿಕರು ಈ ದೇಶದ ಯಾವ ಮಂತ್ರಿಗೂ ಸಿಕ್ಕಿಲ್ಲವೆಂದು ಹೆಮ್ಮೆಯಿಂದ ನಿವೇದಿಸುತ್ತೇನೆ.

ಇನ್ನು ಕಳೆದ ಶನಿವಾರದ ವಿಷಯ. ನಮ್ಮ ತರಗತಿಯನ್ನು ನಿಲ್ಲಿಸಿ ಆ ಹೊತ್ತನ್ನು ಯೋಗದ ಗುಂಪಿಗೆ ಕೊಡಬೇಕೋ ಬೇಡವೋ ಎಂದು ನಿರ್ಧರಿಸಲು ನಗರಸಭೆಯ ಅಧಿಕಾರಿ ಗ್ರಹಾಂ ಟ್ವೀಡಿಯವರು ಖುದ್ದಾಗಿ ಬಂದಿದ್ದರು. ನಮ್ಮ ಪರವಾಗಿ ಮಾತಾಡಲು ಎದ್ದವನು ಲಾರಿ ಚಾಲಕ ಡ್ಯಾರೆನ್. ಅವನಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಕೇಳಿಸದಿರುವುದು ಅವನ ಐದು ವರ್ಷದ ಮಗಳು ಪಿಪ್‌ಗೆ. ಮೂರು ವಾರ ಕೆಂಪು ಸಿಗ್ನಲ್‌ಗಳಲ್ಲಿ ಸ್ಟಿಯರಿಂಗ್ ಬಿಟ್ಟು ಅಭ್ಯಾಸ ಮಾಡಿದ ಭಾಷಣವನ್ನು ಅವನು ಕೈಯಲ್ಲಿ ಆರಂಭಿಸಿದ: "ನನ್ನ ಮಗಳು ನಿದ್ದೆಯಲ್ಲಿ..." ತಾವು ಮಿಣುಕಿದಿರಿ. ಒಳ್ಳೆಯ ವಿದ್ಯಾರ್ಥಿಯಾದ ಡ್ಯಾರೆನ್ ತಕ್ಷಣ ಕೈ ಇಳಿಸಿದ. ಕತ್ತಲಾಯಿತು.

ಆ ಕತ್ತಲಲ್ಲಿ ಟ್ವೀಡಿಯವರು ಕೇಳಿದರಂತೆ: "ಏನು, ಭಾಷಣ ಮುಗೀತಾ? ಸರಿ, ತರಗತಿ ನಿಲ್ಲಿಸೋದಕ್ಕೆ ಯಾರದಾದ್ರೂ ತಕರಾರು ಇದೆಯಾ? ಇಲ್ಲ ತಾನೇ? ಬರ್ಕೊಂಡೆ." ನಮ್ಮ ದುಭಾಷಿ ಇಲಾನಾ ಅದನ್ನು ಕರ್ತವ್ಯನಿಷ್ಠೆಯಿಂದ ಸನ್ನೆಗೆ ಇಳಿಸಿದ್ದಳು, ಕತ್ತಲಿಗೆ. ಕಿವಿ ಕೇಳುವ ಹನ್ನೊಂದು ಮಂದಿ ತಂದೆತಾಯಿಗಳು ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿಸಿಕೊಂಡು, ತರಗತಿಯೊಳಗೆ ಬಾಯಿ ತೆರೆಯಕೂಡದೆಂಬ ಡೋರೀನ್‌ರ ನಿಯಮಕ್ಕೆ ಬದ್ಧರಾಗಿ, "ಇದೆ! ಇದೆ!" ಎಂದು ಕೈಯಲ್ಲೇ ಬೊಬ್ಬೆ ಹೊಡೆದರು. ತಾವು ಮರಳಿ ಬೆಳಗಿದಾಗ ಟ್ವೀಡಿಯವರು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು.

ನಡೆದದ್ದನ್ನು ಇಲಾನಾ ಬೆಳಕಿನಲ್ಲಿ ಮತ್ತೆ ಸನ್ನೆ ಮಾಡಿ ತಿಳಿಸಿದೊಡನೆ ಡೋರೀನ್ ಡ್ಯಾರೆನ್‌ನತ್ತ ತಿರುಗಿ ಕೈ ಝಾಡಿಸಿದರು: "ಬಾಯಿ ಇತ್ತಲ್ಲ ಮಾರಾಯ, ಕಿರುಚೋಕೇನಾಗಿತ್ತು?"

"ಬಾಯಿ ಬಿಟ್ಟವರ ಕೈಲಿ ಟೀ ಕಪ್ಪು ತೊಳೆಸ್ತೀನಿ ಅಂದಿದ್ದು ನೀವೇ ತಾನೇ? ಹೋದ ವಾರ ಇಪ್ಪತ್ತೆರಡು ತೊಳೆದಿದೀನಿ!"

ಬೆಳಕಿನಲ್ಲಿ ಮತ್ತೊಮ್ಮೆ ಕೇಳಿ ಎಂದು ಡೋರೀನ್ ಪಟ್ಟು ಹಿಡಿದರು. ಟ್ವೀಡಿಯವರು ಕೇಳಲೆಂದು ಎದ್ದರು. ತಾವು ಮಿಣುಕಿ ಆರಿದಿರಿ. ಮತ್ತೆ ಕೇಳಲು ಹೊರಟರು, ಮತ್ತೆ ಆರಿದಿರಿ. ಈ ಸಲ ಬೆಳಕು ಬಂದಾಗ ಎಲ್ಲರಿಗಿಂತ ಜೋರಾಗಿ ಕೈ ಬೀಸುತ್ತಿದ್ದವರು ಅವರೇ, ಟೈ ಹೆಗಲ ಮೇಲೇರಿತ್ತು. ಆ ಸಂದಿನಲ್ಲಿ ಡ್ಯಾರೆನ್ ತನ್ನ ವಾಕ್ಯವನ್ನು ಮುಗಿಸಿಬಿಟ್ಟ: "ನನ್ನ ಮಗಳು ನಿದ್ದೆಯಲ್ಲಿ ಕೈಯಾಡಿಸಿ ಮಾತಾಡ್ತಾಳೆ. ಏನು ಹೇಳ್ತಾಳೆ ಅಂತ ನನಗಿನ್ನೂ ತಿಳಿಯಲ್ಲ." ಇಲಾನಾ ಅದನ್ನು ದನಿಯಲ್ಲಿ ಹೇಳಿದಳು. ಟ್ವೀಡಿಯವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಮ್ಮೂರಲ್ಲಿ ಅಧಿಕಾರಿಗಳ ಕನ್ನಡಕಕ್ಕೆ ಧೂಳು ಹೆಚ್ಚು. ಪಕ್ಕದಲ್ಲೇ ಇದ್ದ ಪಿಪ್ ಮಾತ್ರ ಅಪ್ಪನ ತೋಳು ಜಗ್ಗಿ, "ಅಷ್ಟೂ ಗೊತ್ತಾಗಲ್ವಾ ಅಪ್ಪಾ? ನಾಯಿಮರಿ ಬೇಕು ಅಂತೀನಿ" ಎಂದಳು.

ಕೊನೆಗೆ ಟ್ವೀಡಿಯವರು ಹಿಂದಿನದನ್ನು ಹೊಡೆದುಹಾಕಿ ಬರೆದುಕೊಂಡ ನಿರ್ಣಯ ಇದು: ಸಭಾಂಗಣದ ದೀಪ ದುರಸ್ತಿಯಾಗುವವರೆಗೆ ಯಾವ ತೀರ್ಮಾನವೂ ಇಲ್ಲ, ಅಲ್ಲಿಯತನಕ ತರಗತಿ ನಡೆಯಲಿ.

ಆದಕಾರಣ ಮಾನ್ಯರೇ, ತಮ್ಮ ಮೇಲಿನ ನನ್ನ ಸಮಸ್ತ ದೂರುಗಳನ್ನು ಹಿಂತೆಗೆದುಕೊಂಡು, ತಾವು ಯಾವ ಕಾರಣಕ್ಕೂ ದುರಸ್ತಿಯಾಗಕೂಡದೆಂದು ಕೈಮುಗಿದು ಬೇಡುತ್ತೇನೆ. ರಿಪೇರಿಯವರು ಏಣಿ ಹತ್ತಿದಾಗ ಸೂರ್ಯನಂತೆ ಸ್ಥಿರವಾಗಿ ಬೆಳಗಿ; ಕೆಡದ ದೀಪವನ್ನು ಯಾರೂ ಸರಿಮಾಡಲಾರರು. ಅವರು ಏಣಿ ಮಡಚಿ ಹೊರಟ ಮೇಲೆ ಯಥಾಪ್ರಕಾರ ಮಿಣುಕಿ. ಡ್ಯಾರೆನ್‌ಗೆ ಮಗಳ ನಿದ್ದೆಯ ಮಾತು ಪೂರ್ತಿ ತಿಳಿಯಲು ಇನ್ನೆರಡು ವರ್ಷವಾದರೂ ಬೇಕೆಂದು ಡೋರೀನ್ ಹೇಳುತ್ತಾರೆ. ತಮ್ಮ ಆಯುಷ್ಯ ಅಲ್ಲಿಯವರೆಗೆ ಗಟ್ಟಿಯಾಗಿರಲಿ, ಆರೋಗ್ಯ ಮಾತ್ರ ಹೀಗೆಯೇ ಕೆಟ್ಟಿರಲಿ.

ತಾವು ಮಿಣುಕಿದಾಗಲೆಲ್ಲ ಕೈಕಟ್ಟಿ ಕೂರುವ,
ತಮ್ಮ ವಿಶ್ವಾಸಿ,
ಬ್ರಿಯೊನಿ ಫರ್ನ್

ವಿ.ಸೂ.: ರಿಪೇರಿಯವರು ನಿನ್ನೆ ಬಂದು, "ಯಾವ ದೋಷವೂ ಇಲ್ಲ" ಎಂದು ಬರೆದುಕೊಟ್ಟು ಹೋದರು, ತಮ್ಮ ಅಭಿನಯ ಅಮೋಘವಾಗಿತ್ತು. ದೀಪ ನಿಜಕ್ಕೂ ಕೆಟ್ಟಿದೆಯೇ ಎಂದು ನಗರಸಭೆಯವರು ಈಗ ನನ್ನನ್ನೇ ಕೇಳಿದ್ದಾರೆ. ಖುದ್ದಾಗಿ ಬಂದು, ತಮ್ಮ ಕೆಳಗೆ ಕೊಂಚ ಹೊತ್ತು ಅಲುಗಾಡದೆ ಕುಳಿತು ಪರೀಕ್ಷಿಸಬೇಕೆಂದು ಉತ್ತರಿಸಿದ್ದೇನೆ. ಆ ಕೆಲಸದಲ್ಲಿ ಅವರಷ್ಟು ನುರಿತವರು ಊರಲ್ಲಿ ಬೇರೆ ಯಾರೂ ಇಲ್ಲ.