ಕಾವಿಲ್ಲದ ಕುಲುಮೆ

"ಮುಟ್ಟಿ ನೋಡ್ರಿ! ಬಿಸಿ ಐತೇನು?" ಎಂದು ನನ್ನ ಹೆಂಡತಿ ಚಂಪಾವತಿ ಹೊಸ ಯಂತ್ರದ ಮುಚ್ಚಳ ತೆರೆದಳು.

ಮುಟ್ಟಿದೆ. ಮಜ್ಜಿಗೆಯಷ್ಟು ತಣ್ಣಗಿತ್ತು! ಒಳಗೆ ನೀಲಿ, ಹಸಿರು ಗಾಜಿನ ಚೂರುಗಳು ಬೆಸೆದುಕೊಂಡು ನವಿಲುಗರಿಯಂಥ ಪದಕವಾಗಿದ್ದವು. ನಡುವೆ ಒಂದು ಮಾಣಿಕ್ಯ.

ಆ ಮಾಣಿಕ್ಯ ನಮ್ಮದಲ್ಲ. ಮಗಳು ಶಾಲ್ಮಲಾಳ ಭಾವೀ ಅತ್ತೆ ನೀಲಾಂಬಿಕಾ ಅವರದು. ನಾಲ್ಕು ತಲೆಮಾರಿನಿಂದ ಬಂದದ್ದು. ನಿಶ್ಚಿತಾರ್ಥಕ್ಕೆ ಪದಕ ಮಾಡುತ್ತೇನೆಂದು ಚಂಪಾ ತಾನಾಗಿಯೇ ಕೇಳಿ ತಂದಿದ್ದಳು. ಕುಲುಮೆಯ ಕಾವಿಗೆ ಕಲ್ಲು ಸೀಳಿದರೆ? ಅದಕ್ಕೇ ಗದಗಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ್ದ ಈಕೆ, ಬೆಂಕಿಯ ಬದಲು ನಾದದಿಂದ ಗಾಜು ಬೆಸೆಯುವ ಯಂತ್ರ ಕಟ್ಟಿದ್ದಳು. ಆ ನಾದ ಕೇಳಿದ ಗಾಜು ಕ್ಷಣಹೊತ್ತು ತಾನು ಗಾಜೆಂಬುದನ್ನೇ ಮರೆತು ಪಾಕವಾಗುತ್ತದಂತೆ!

"ಸಾಕು, ಬಂದ್ ಮಾಡು. ಬೀಗರು ಬರೋ ಹೊತ್ತಾತು," ಎಂದೆ.

ಸ್ವಿಚ್ ಆರಿಸಿದಳು. ಗುಂಯ್‌ಗುಡುವುದು ನಿಲ್ಲಲಿಲ್ಲ. ವೈರು ಕಿತ್ತಳು. ಊಹೂಂ! ಕಿವಿಗೊಟ್ಟು ಕೇಳಿದರೆ, ಸದ್ದು ಯಂತ್ರದಿಂದಲ್ಲ, ಕಿಟಕಿಯ ಗಾಜಿನಿಂದ ಬರುತ್ತಿತ್ತು.

ಚಂಪಾಳ ಮುಖ ಬಿಳಿಚಿತು. "ಗಾಜು ನಾದಾ ಕಲತಬಿಟ್ಟೈತ್ರಿ. ಒಂದರಿಂದ ಒಂದಕ್ಕ ಹಬ್ಬಾಕತ್ತೈತಿ!"

"ಅಪ್ಪಾ, ಶರಬತ್ತಿನ ಗ್ಲಾಸು ಹನ್ನೆರಡೂ ಒಂದಾಗ್ಯಾವ!" ಅಡುಗೆಮನೆಯಿಂದ ಶಾಲ್ಮಲಾ ಚೀರಿದಳು.

ಬೆವರೊರೆಸಲು ಕನ್ನಡಕ ತೆಗೆದು ಗಾಜಿನ ಟೀಪಾಯಿಯ ಮೇಲಿಟ್ಟೆ. ಮರಳಿ ಎತ್ತಿದರೆ ಟೀಪಾಯಿಯೂ ಜೊತೆಗೆ ಎದ್ದಿತು!

ಅಷ್ಟರಲ್ಲಿ ಬೀಗರು ಬಂದೇಬಿಟ್ಟರು.

"ಕೈ ಹಿಡೀಬ್ಯಾಡ್ರಿ!" ಎಂದು ನಾನು ಕೂಗುವಷ್ಟರಲ್ಲಿ ನೀಲಾಂಬಿಕಾ ಅಕ್ಕರೆಯಿಂದ ಚಂಪಾಳ ಎರಡೂ ಕೈ ಹಿಡಿದಾಗಿತ್ತು. ಹಸಿರು ಬಳೆಗೆ ಹಸಿರು ಬಳೆ ತಾಗಿತು. ಟಕ್!

ಎಳೆದರು, ಬರಲಿಲ್ಲ. ಕೊಬ್ಬರಿ ಎಣ್ಣೆ ಸುರಿದೆ, ಸಾಬೂನು ತಿಕ್ಕಿದೆ. ಬಳೆಗಳೆಲ್ಲ ಒಂದೇ ಗಟ್ಟಿಯಾಗಿ ಇಬ್ಬರ ಮಣಿಕಟ್ಟನ್ನೂ ಬಿಗಿದಿದ್ದವು.

"ಒಡದುಬಿಡೋಣ್ರಿ," ಎಂದೆ.

"ಬಾಯಿ ತೊಳಕೋರಿ!" ನೀಲಾಂಬಿಕಾ ಕೆಂಡವಾದರು. "ಶುಭದಿನ ಮುತ್ತೈದೇರ ಬಳಿ ಒಡೀತಾರೇನು? ಬಳಿ ಒಡದ್ರ ಸಂಬಂಧಾನೂ ಒಡೀತು, ತಿಳೀರಿ!"

ಶಾಲ್ಮಲಾಳ ಕಣ್ಣಲ್ಲಿ ನೀರಾಡಿತು. ಮುಹೂರ್ತಕ್ಕೆ ಹದಿನೆಂಟು ನಿಮಿಷ. ನಾದ ಏರುತ್ತಲೇ ಇತ್ತು; ತಟ್ಟೆಯಲ್ಲಿದ್ದ ಪದಕ ನಡುಗತೊಡಗಿತು.

"ಹಿಂಗs ಏರಿದ್ರ ಕಲ್ಲು ಉಳಿಯೂದಿಲ್ಲ," ಎಂದು ಚಂಪಾ ನನಗೆ ಪಿಸುಗುಟ್ಟಿದಳು. ಗೇಣು ದೂರದಲ್ಲಿ ಅಂಟಿಕೊಂಡು ನಿಂತವರಿಗೆ ಕೇಳಿಸದೆ ಇರುತ್ತದೆಯೇ?

"ಯಾ ಕಲ್ಲು? ನಮ್ಮತ್ತಿ ಮಾಣಿಕ್ಯಾನ? ಅಯ್ಯ, ನಿನ್ನ ವಿದ್ಯಾಕ್ಕ ಬೆಂಕಿ ಬೀಳಲಿ!"

ನೀಲಾಂಬಿಕಾ ಅವರ ದನಿ ತಾರಕಕ್ಕೇರಿತು. ಒಂದು ಬಳೆ ಸಡಿಲವಾಯಿತು!

"ಇದೇ ನೋಡ್ರಿ ಎದುರುನಾದ!" ಚಂಪಾ ಕುಣಿದಳು, ಅಂಟಿಕೊಂಡಿದ್ದ ಬೀಗಿತಿಯೂ ಕುಣಿಯಬೇಕಾಯಿತು. "ಬೈಯ್ರಿ! ನಿಲ್ಲಿಸಬ್ಯಾಡ್ರಿ!"

ಬೈಯಿರಿ ಎಂದರೆ ಬೈಗುಳ ಬರುತ್ತದೆಯೇ? ನೀಲಾಂಬಿಕಾ ತಬ್ಬಿಬ್ಬಾದರು. ಬಳೆ ಮತ್ತೆ ಬಿಗಿಯಿತು. ಪದಕದೊಳಗೆ ಚಿಟ್ ಎಂದಿತು.

ಆಗ, ಯಾರಿಗೂ ಎದುರಾಡದ ನನ್ನ ಮಗಳು ಕಣ್ಣೊರೆಸಿಕೊಂಡು ಮುಂದೆ ಬಂದಳು. "ಅತ್ತಿ, ಹಬ್ಬಕ್ಕ ನೀವು ಕಳಿಸಿದ ಮಾದಲಿ ನಮ್ಮನ್ಯಾಗ ಯಾರೂ ತಿನ್ನಲಿಲ್ಲ. ಎಮ್ಮಿಗೆ ಹಾಕಿದ್ವಿ."

ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು ಸಂಬಂಧ!

ಪೂರ್ತಿ ಏಳು ನಿಮಿಷ ಬೈದರು ಪುಣ್ಯಾತ್ಗಿತ್ತಿ! ನಮ್ಮ ಅಡುಗೆ, ನಡತೆ, ವಂಶ, ಬಾಗಿಲ ರಂಗೋಲಿ, ಯಾವುದನ್ನೂ ಬಿಡಲಿಲ್ಲ. ಬಳೆಗಳು ಒಂದೊಂದಾಗಿ ಬಿಟ್ಟವು. ಗ್ಲಾಸುಗಳು ಬೇರೆಯಾದವು. ನಾದ ನಿಂತಿತು. ಯಂತ್ರದಲ್ಲಿ ಪೂರ್ತಿ ಬೆಸೆದಿದ್ದ ಪದಕವೊಂದು ಬಿಡಲಿಲ್ಲ. ಚಿಟ್ ಎಂದದ್ದು ಗಾಜಿನ ಒಂದು ಅಂಚು ಮಾತ್ರ; ಮಾಣಿಕ್ಯ ಇಡಿಯಾಗಿತ್ತು.

ನೀಲಾಂಬಿಕಾ ಏದುಸಿರು ಬಿಡುತ್ತ ಶಾಲ್ಮಲಾಳನ್ನೇ ನೋಡಿದರು. "ಎಮ್ಮಿ ತಿಂತೇನು?"

"ನಮ್ಮನ್ಯಾಗ ಎಮ್ಮಿ ಎಲ್ಲೈತ್ರಿ, ಅತ್ತಿ? ಮಾದಲಿ ಎಲ್ಲಾ ನಾನs ತಿಂದೆ."

ನೀಲಾಂಬಿಕಾ ಪದಕ ಎತ್ತಿ ತಾವೇ ಅವಳ ಕೊರಳಿಗೆ ಕಟ್ಟಿದರು. ಮುಹೂರ್ತ ತಪ್ಪಲಿಲ್ಲ.

ಆದರೆ ಗಾಜು ಒಮ್ಮೆ ಕಲಿತದ್ದನ್ನು ಮರೆಯುವುದಿಲ್ಲ. ಮರುದಿನ ಕಿಟಕಿಗೆ ಬಿಸಿಲು ಬಿದ್ದದ್ದೇ ತಡ, ಗಾಜು ಬಾಯಿಬಿಟ್ಟಿತು: "ಅಯ್ಯ, ನಿನ್ನ ವಿದ್ಯಾಕ್ಕ ಬೆಂಕಿ ಬೀಳಲಿ!" ಅಂದಿನಿಂದ ದಿನಾ ಬೆಳಿಗ್ಗೆ ನಮಗೆ ಏಳು ನಿಮಿಷ ಬೈಗುಳ.

ಹೋದ ವಾರ ನೀಲಾಂಬಿಕಾ ಬಂದಿದ್ದರು. ಕಿಟಕಿಯ ಪಕ್ಕ ಚಹಾ ಹಿಡಿದು ಕೂತು, ಕೊನೆಯವರೆಗೂ ತಲೆದೂಗುತ್ತ ಕೇಳಿದರು.

"ಯಾರ್‍ರೀ ಆಕಿ?" ಎಂದರು. "ಭಾಳ ತಿಳಿದ ಹೆಣಮಗಳು."