ತಾಯಿಯ ಚೆಕ್ಕುಬಂದಿ

ನನ್ನ ಬರವಣಿಗೆಯನ್ನು ಚಿಕ್ಕಂದಿನಲ್ಲಿ ಹೊಗಳಿದವರೆಲ್ಲ ನನ್ನ ವೈರಿಗಳೆಂದೇ ನಾನು ತಿಳಿದಿದ್ದೇನೆ. ಕಿರುಗಾವಲಿನ ಪಕ್ಕದ ಹಳ್ಳಿಯ ಶಾನುಭೋಗರ ಮಗ ನಾನು. ಅಕ್ಷರ ತಿದ್ದಿದ ಮೇಲೆ ಬರೆದದ್ದೆಲ್ಲ ಅಪ್ಪ ಬರೆಯುತ್ತಿದ್ದ ಜಮೀನಿನ ಕ್ರಯಪತ್ರಗಳ ನಕಲೇ. ಹೀಗಾಗಿ ಮಂಡ್ಯದಲ್ಲಿ ಇಂಟರ್‌ಮೀಡಿಯೆಟ್ ಸೇರಿದಾಗ, ಕನ್ನಡವೆಂದರೆ ನಮ್ಮ ಮನೆಯ ಸ್ವತ್ತು ಎಂಬ ಜಂಬ ನನಗಿತ್ತು.

ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಕೊಪ್ಪದ ಮರಿಗೌಡ. ಮಾತಿಗೆ ನಿಂತರೆ ಊರನ್ನೇ ನಗಿಸುವ ಆಸಾಮಿ, ಲೇಖನಿ ಹಿಡಿದರೆ ಮೂಗನಾಗುತ್ತಿದ್ದ. ಮೇಷ್ಟ್ರು ‘ನನ್ನ ತಾಯಿ’ ಎಂಬ ಪ್ರಬಂಧ ಕೊಟ್ಟು, ಇದರಲ್ಲಿ ಪಾಸಾಗದವರನ್ನು ದೊಡ್ಡ ಪರೀಕ್ಷೆಗೆ ಕಳಿಸುವುದಿಲ್ಲ ಎಂದರು. ಮರಿಗೌಡ ನನ್ನ ಕೈ ಹಿಡಿದ. “ಅಯ್ನೋರೆ, ನಮ್ಮವ್ವನ್ ಬಗ್ಗೆ ನೀವೇ ಒಂದೀಟು ಗೀಚ್ಕೊಟ್ಬುಡಿ. ಪುಸ್ತಕದ್ ಮಾತು ನನ್ಗೆ ಬರಾಕಿಲ್ಲ.” ದೊಡ್ಡ ಮನಸ್ಸು ಮಾಡಿ ಇಬ್ಬರದನ್ನೂ ನಾನೇ ಬರೆದೆ.

ಮೇಷ್ಟ್ರು ನನ್ನದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು: “ಮಳವಳ್ಳಿ ತಾಲ್ಲೂಕಿನಲ್ಲಿ ವಾಸವಾಗಿರುವ ನನ್ನ ತಾಯಿಯವರು, ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ ಒಪ್ಪಿ, ನನ್ನನ್ನು ಹೆತ್ತದ್ದು ಸರಿಯಷ್ಟೆ. ಸದರಿಯವರ ಚೆಕ್ಕುಬಂದಿ: ಮೂಡಲಿಗೆ ಅಡಿಗೆಮನೆ, ಪಡುವಲಿಗೆ ಕೊಟ್ಟಿಗೆ...” ನಾನು ಕತ್ತು ನೆಟ್ಟಗೆ ಮಾಡಿಕೊಂಡು ಕೂತೆ. ಆಗ ಅವರು ಕೇಳಿದರು: “ಇವರು ತಾಯಿಯೇನಯ್ಯ, ತರಿ ಜಮೀನೋ?” ಆಮೇಲೆ ಮರಿಗೌಡನ ಹಾಳೆ ತೆಗೆದರು. ಅಲ್ಲೂ ಅದೇ ಬಲವಂತ, ಅದೇ ಸ್ವಸಂತೋಷ!

“ಬರ್ದಿದ್ದು ಅಯ್ನೋರು ಸಾ,” ಎಂದ ಮರಿಗೌಡ. “ಅವ್ವ ಮಾತ್ರ ನಮ್ದೇ.”

“ಹಾಗಾದರೆ ನೀನೇ ಬಾಯಲ್ಲಿ ಹೇಳು.”

“ನಮ್ಮವ್ವ ಬಯ್ಯಕ್ ನಿಂತ್ರೆ ದನ ಮೇಯೋದ್ ಬುಟ್ಟು ಕೇಳ್ತವೆ ಸಾ. ನಾನ್ ಕಾಲೇಜಿಗೆ ಒಂಟ್ ದಿನ ಮಾತ್ರ ಏನೂ ಬಯ್ನಿಲ್ಲ. ಅದ್ಕೇ ಬಸ್ಸಲ್ಲಿ ಅಳು ಬಂದ್ಬುಡ್ತು.”

“ಇದನ್ನೇ ಬರೆದು ಕೊಡು,” ಎಂದರು ಮೇಷ್ಟ್ರು. ಅವನು ಪಾಸು. ನನಗೆ ಬೇರೆ ಬರೆದು ತರಲು ಸೋಮವಾರದವರೆಗೆ ವಾಯಿದೆ.

ಎಷ್ಟು ಸಲ ಕೂತರೂ ನನ್ನ ಲೇಖನಿಯಿಂದ ‘ಸದರಿ’ಯೇ ಇಳಿಯಿತು. ಕೊನೆಗೆ ಮಾನ ಬಿಟ್ಟು ಮರಿಗೌಡನನ್ನೇ ಕೇಳಿದೆ: “ನಮ್ಮಮ್ಮನದನ್ನು ನೀನು ಹೇಳಿಕೊಡಯ್ಯ.”

“ಅವ್ರನ್ನ ನಾನ್ ನೋಡಿಲ್ವಲ್ಲಾ,” ಎಂದ. “ನೀವು ನೋಡಿದ್ದೀರಾ?”

ನನಗೆ ರೇಗಿತು. ಆದರೂ ಶನಿವಾರ ಬಸ್ಸು ಹತ್ತಿದೆ. ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ಎದುರು ಕೂತು ನೋಡಿದೆ. ಅವಳ ಎಡಗೆನ್ನೆಯ ಮೇಲೊಂದು ಮಚ್ಚೆಯಿರುವುದು, ಎಂಟು ಊರಿನ ಗಡಿಕಲ್ಲು ಬಾಯಿಪಾಠವಿದ್ದ ನನಗೆ ಅಂದೇ ತಿಳಿದದ್ದು!

“ಏನೋ ಹಾಗೆ ನೋಡ್ತೀಯಾ? ಫೇಲಾದ್ಯೇನೋ?” ಎಂದಳು.

ಹೌದು ಎಂದೆ. ಪ್ರಬಂಧದಲ್ಲಿ ಪಾಸಾದದ್ದು ಆಮೇಲಿನ ಮಾತು.