ಮನೆ ಕೊಳ್ಳಲು ಬಂದ ಚಿತ್ತಪ್ಪಂದಿರು

ಮನೆ ಮಾರುತ್ತೇವೆ ಅಂತ ಒಂದು ಸಲ ಬಾಯಿಬಿಟ್ಟು ನೋಡಿ, ಆಮೇಲೆ ನಿಮಗೆ ಟೀವಿ ಬೇಕಾಗುವುದಿಲ್ಲ. ಮದರಾಸಿನ ಕ್ರೋಂಪೇಟೆಯ ನಮ್ಮ ಮನೆಯಲ್ಲಂತೂ ದಿನಕ್ಕೊಂದು ತಮಾಷೆ.

ಮಾರದೆ ಗತಿಯಿರಲಿಲ್ಲ. ರಸ್ತೆಯನ್ನು ಎತ್ತರಿಸಿ ಎತ್ತರಿಸಿ ನಮ್ಮ ಮನೆ ತಗ್ಗಿಗೆ ಬಿದ್ದು, ಪ್ರತಿ ದೀಪಾವಳಿ ಮಳೆಗೂ ಅಡುಗೆಮನೆಗೆ ಚರಂಡಿ ನೀರು ನುಗ್ಗುತ್ತಿತ್ತು. ಹೋದ ವರ್ಷ ಎಂಬತ್ತು ದಾಟಿದ ಅತ್ತೆಯನ್ನು ಊಟದ ಮೇಜಿನ ಮೇಲೆ ಕೂರಿಸಿದ್ದೆವು. ಪುರಸೈವಾಕ್ಕಂನಲ್ಲಿ ಎರಡನೇ ಮಹಡಿಯ ಫ್ಲ್ಯಾಟ್ ನೋಡಿಟ್ಟಿದ್ದೆವು. ಈ ಮನೆಗೆ ಸರಿಯಾದ ಬೆಲೆ ಬಂದರೆ ಅದು ನಮ್ಮದು. ಇಲ್ಲದಿದ್ದರೆ ಅತ್ತೆ ಮತ್ತೆ ಮೇಜಿನ ಮೇಲೆ.

ಬಿಳಿ ಅಂಗಿಯವನು

ಬಂದವನು ಇಸ್ತ್ರಿ ಮುರಿಯದ ಬಿಳಿ ಅಂಗಿಯ ಯುವಕ. "ನಾನು ಬ್ರೋಕರ್ ಅಲ್ಲಮ್ಮಾ, ನಾನೇ ತಗೋತೀನಿ. ರಿಪೇರಿ ಬೇಡ, ರೆಡಿ ಕ್ಯಾಶ್. ಕಮಿಷನ್ ಅನ್ನೋ ಮಾತೇ ನನಗೆ ಆಗಲ್ಲ" ಅಂದ. ಗೋಡೆಯ ಮೇಲಿನ ನೀರಿನ ಕಲೆ ನೋಡಿ ಅವನು ಬಿಟ್ಟ ನಿಟ್ಟುಸಿರಿಗೆ, ನಾವೇ ಕೈಯಿಂದ ಏನಾದರೂ ಕೊಟ್ಟು ಮನೆ ದಾಟಿಸಬೇಕೇನೋ ಅನ್ನಿಸಿಬಿಟ್ಟಿತು. ಅವನು ಹೇಳಿದ ಬೆಲೆಗೆ ಫ್ಲ್ಯಾಟಿನ ಬಾಲ್ಕನಿ ಮತ್ತು ಅರ್ಧ ಹಾಲ್ ಬರುತ್ತಿತ್ತು. ಉಳಿದದ್ದಕ್ಕೆ ಸಾಲ.

ನಮ್ಮ ಯಜಮಾನರು ರೈಲ್ವೆಯಲ್ಲಿದ್ದವರು. ಬಂದ ಗಾಡಿ ಬಿಡಬಾರದು ಅನ್ನುವ ಜಾತಿ. ಪೆನ್ನು ತೆಗೆದೇಬಿಟ್ಟರು. "ಇವರಿಗೆ ಅಥವಾ ಇವರು ಹೇಳಿದವರಿಗೆ ರಿಜಿಸ್ಟರ್ ಮಾಡಿಕೊಡತಕ್ಕದ್ದು" ಅಂತ ಅವನು ಅಡ್ವಾನ್ಸಿನ ಜೊತೆ ತಂದಿದ್ದ ಕರಾರಿನಲ್ಲಿತ್ತು.

"ಹೇಳಿದವರು ಅಂದರೆ ಯಾರು?" ಅಂದೆ.

"ಎಲ್ಲಾ ಫ್ಯಾಮಿಲಿಯೇ ಅಮ್ಮಾ. ಚಿತ್ತಪ್ಪ, ಪೆರಿಯಪ್ಪ ಅಂತ ಇರ್ತಾರಲ್ಲ, ನಿಮ್ಮ ಚಿಕ್ಕಪ್ಪ, ದೊಡ್ಡಪ್ಪ ಇದ್ದ ಹಾಗೆ."

ಅತ್ತೆ ಧಾರವಾಡದ ಕಡೆಯವರು. ಮದರಾಸಿಗೆ ಬಂದು ಅರವತ್ತು ವರ್ಷವಾದರೂ ಗೋಡೆಯ ಮೇಲೆ ಕನ್ನಡ ಪಂಚಾಂಗವೇ ಇರಬೇಕು. "ತಾರೀಖಿಲ್ಲದ ಕರಾರು ಎಂಥಾದ್ದೋ? ಶ್ರಾವಣದ ಮೊದಲನೇ ಸೋಮವಾರದೊಳಗ ರಿಜಿಸ್ಟರ್ ಆಗಬೇಕು. ತಪ್ಪಿದರ ಅವನ ಅಡ್ವಾನ್ಸ್ ಅವಗ, ನಮ್ಮ ಮನಿ ನಮಗ" ಅಂದರು.

"ಪಾಟ್ಟಿ ಹೇಳಿದ ಹಾಗೇ ಆಗಲಿ" ಅಂತ ಅವನು ಅತ್ತೆಯನ್ನು ತಮಿಳಿನಲ್ಲಿ ಅಜ್ಜಿ ಅಂದು ನಗುತ್ತಾ ತಾರೀಖು ಬರೆದ. ಪಾಪ, ಕ್ಯಾಲೆಂಡರ್ ನೋಡಲಿಲ್ಲ.

ಕುಲದೈವಂ

ಮರುದಿನದಿಂದ ಶುರುವಾಯಿತು ನೋಡಿ ಬಂಧುಬಳಗ. "ನಮ್ಮ ಪೆರಿಯಪ್ಪ, ಸುಮ್ಮನೆ ಮನೆ ನೋಡಲು ಬಂದರು" ಅಂತ ನಮ್ಮ ಕಿವಿಯಲ್ಲಿ ಹೇಳುವನು. ಸುಮ್ಮನೆ ಬಂದ ದೊಡ್ಡಪ್ಪ ಟೇಪ್ ತೆಗೆದು ಕಾಂಪೌಂಡ್ ಅಳೆಯುವನು. ಮಾರನೇ ದಿನ ಇನ್ನೊಬ್ಬ ಚಿಕ್ಕಪ್ಪ ಬಂದು ಬಾವಿಗೆ ಕಲ್ಲು ಹಾಕಿ ಆಳ ನೋಡುವನು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಕಾಸಿಮೇಡಿನಲ್ಲಿ ಮೀನು ದಡಕ್ಕೆ ಬಂದ ಮೇಲೆ ಹರಾಜು ಹಾಕ್ತಾರೆ. ಇವನು ಸಮುದ್ರದಲ್ಲಿರೋ ಮೀನೇ ಹರಾಜು ಹಾಕ್ತಿದಾನಲ್ರೀ" ಅಂದಳು.

ಅತ್ತೆ ಎಲ್ಲರನ್ನೂ ಕೂರಿಸಿ ಫಿಲ್ಟರ್ ಕಾಫಿ ಕೊಡಿಸಿದರು. ಅತ್ತೆಯ ಕಾಫಿಗೆ ಬಿಲ್ ಇಲ್ಲ, ಪ್ರಶ್ನೆ ಉಂಟು. "ನಿಮ್ಮ ಕುಲದೈವಂ ಯಾವುದ್ರೀ?" ಒಂದೇ ವಂಶದ ಗಂಡಸರಿಗೆಲ್ಲ ಮನೆದೇವರು ಒಂದೇ ಅನ್ನುವುದು ಅವರಿಗೂ ಗೊತ್ತು, ತಮಿಳರಿಗೂ ಗೊತ್ತು. ಪೆರಿಯಪ್ಪ "ಅಯ್ಯನಾರ್" ಅಂದ. ಚಿತ್ತಪ್ಪ "ಅಂಗಾಳಮ್ಮನ್" ಅಂದ. ಬಿಳಿ ಅಂಗಿಯವನದು ಮುನೀಶ್ವರನ್.

ಅವರೆಲ್ಲ ಹೋದ ಮೇಲೆ ಅತ್ತೆ ಲೋಟ ಎತ್ತಿಡುತ್ತಾ, "ಇವನ ಮನಿತನದಾಗ ಒಬ್ಬೊಬ್ಬರಿಗೊಂದು ದೇವರು. ಎಲ್ಲಾರಿಗೂ ಸೇರಿ ದೊಡ್ಡ ದೇವರು ನಮ್ಮ ಮನಿ" ಅಂದರು.

ಚಿತ್ತಪ್ಪನ ಸಂಕಟ

ಬಾವಿಗೆ ಕಲ್ಲು ಹಾಕಿದ್ದ ಚಿತ್ತಪ್ಪ ಹೆಂಡತಿಯನ್ನು ಕರೆದುಕೊಂಡು ಮತ್ತೆ ಬಂದ, ಈ ಸಲ ಅಣ್ಣನ ಮಗ ಇಲ್ಲದೆ. ಆಕೆ ನನ್ನನ್ನು ಮೂಲೆಗೆ ಕರೆದು, "ನಿಮ್ಮ ಹುಡುಗನಿಗೆ ಸ್ವಲ್ಪ ಹೇಳಿ ಕಮ್ಮಿ ಮಾಡಿಸಮ್ಮಾ" ಅಂದಳು.

"ನಮ್ಮ ಹುಡುಗನಾ? ಅವನು ನಿಮ್ಮವನಲ್ಲವಾ?"

"ಅಯ್ಯೋ, ನಿಮ್ಮ ಯಜಮಾನರ ಅಕ್ಕನ ಮಗ ಅಂದನಲ್ಲಾ!"

ಅವನು ಕೇಳಿದ್ದ ಬೆಲೆ ಹೇಳಿದಳು. ನಮಗೆ ಕೊಡುತ್ತೇನೆ ಅಂದದ್ದಕ್ಕಿಂತ ಮೂವತ್ತು ಲಕ್ಷ ಹೆಚ್ಚು. ನಮ್ಮ ಉಳಿದರ್ಧ ಹಾಲ್, ಎರಡು ಬೆಡ್‌ರೂಮು ಎಲ್ಲ ಅವನ ಬಿಳಿ ಜೇಬಿನಲ್ಲಿದ್ದವು! ಯಜಮಾನರು ಮಾತ್ರ ಪೇಪರಿನ ಹಿಂದಿನಿಂದ, "ನನಗೆ ಅಕ್ಕನೇ ಇಲ್ಲವಲ್ಲೇ" ಅಂದರು.

ಆಷಾಢ, ಆಡಿ

ಸಿಟ್ಟಿಗೆ ಕರಾರು ಹರಿದುಹಾಕೋಣ ಅಂದೆ. ಅತ್ತೆ, "ಸಹಿ ಹಾಕೇವಿ, ಮಾತಿಗೆ ತಪ್ಪೂದು ಬ್ಯಾಡ. ತಾರೀಖು ಬರಲಿ" ಅಂದರು.

ಕೊಟ್ಟ ಮಾತಿಗಾಗಿ ನಾವೇ, ಬೇಗ ರಿಜಿಸ್ಟರ್ ಮಾಡಿಕೊಳ್ಳಪ್ಪಾ ಅಂತ ಫೋನ್ ಮಾಡಿದರೆ, ಅವನು ಭಾರೀ ದೈವಭಕ್ತ. "ನಿಮಗೆ ಆಷಾಢ ಹಿಡಿದಿದೆಯಲ್ಲಮ್ಮಾ, ಒಳ್ಳೇದಲ್ಲ" ಅಂದ. ನಮ್ಮ ಆಷಾಢ ಮುಗಿದು, ಭೀಮನ ಅಮಾವಾಸ್ಯೆ ಕಳೆದು ಶ್ರಾವಣ ಬಂತು. ತಮಿಳರ ಆಷಾಢವಾದ ಆಡಿ ಮುಗಿಯಲು ಇನ್ನೂ ಎರಡು ವಾರ ಬಾಕಿ. ಆಡಿಯಲ್ಲಿ ಯಾವ ಚಿತ್ತಪ್ಪನೂ ಮನೆ ಕೊಳ್ಳುವುದಿಲ್ಲ. ನಾಳೆ ಸೋಮವಾರ ಅನ್ನುವಾಗ ಬಿಳಿ ಅಂಗಿಯವನು ಓಡಿಬಂದ.

"ಪಾಟ್ಟಿ, ಆಡಿ ಮುಗಿಯಲಿ."

"ನಮ್ಮ ಪಂಚಾಂಗದಾಗ ಆಡಿ ಅಂಬೂದೇ ಇಲ್ಲಪಾ. ನೀನಽ ಕೊಳ್ಳಾಂವ ಅಂದಿದ್ದೆಲ್ಲಾ? ನಾಳೆ ರೆಡಿ ಕ್ಯಾಶ್ ತಗೊಂಡು ಬಾ."

ಕ್ಯಾಶ್ ಚಿತ್ತಪ್ಪನ ಬ್ಯಾಂಕಿನಲ್ಲಿತ್ತು. ಸೋಮವಾರ ಬಿಳಿ ಅಂಗಿ ಕಾಣಲೇ ಇಲ್ಲ. ಮಂಗಳವಾರ ಅವನ ಅಡ್ವಾನ್ಸನ್ನು ಪೈಸೆ ಬಿಡದೆ ತಿರುಗಿಸಿ, ರಸೀತಿ ಬರೆಸಿಕೊಂಡೆವು. ಅವತ್ತೂ ಅತ್ತೆ ಕಾಫಿ ಕೊಡಿಸಿದರು.

ಕಮಿಷನ್

ಆಡಿ ಮುಗಿದ ಮೊದಲ ವಾರದಲ್ಲೇ ಬಾವಿಗೆ ಕಲ್ಲು ಹಾಕಿದ ಪುಣ್ಯಾತ್ಮ ಹೆಂಡತಿ ಸಮೇತ ಬಂದ. ನಮಗೂ ಅವರಿಗೂ ಒಪ್ಪುವ ಬೆಲೆಗೆ ಮನೆ ಹೋಯಿತು. ಮಳೆ ಶುರುವಾಗುವ ಮೊದಲೇ ಅತ್ತೆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು, ಕೆಳಗೆ ಪುರಸೈವಾಕ್ಕಂನ ಹಬ್ಬದ ಸೀರೆ ವ್ಯಾಪಾರ ನೋಡುತ್ತಿದ್ದರು. ಊಟದ ಮೇಜು ಈಗ ಊಟಕ್ಕೇ ಸಿಕ್ಕಿದೆ, ನನಗಂತೂ ಹಾಲು ಕುಡಿದಷ್ಟು ಸಂತೋಷ.

ಅಲ್ಲಿಗೂ ಹುಡುಕಿಕೊಂಡು ಬಂದ ಬಿಳಿ ಅಂಗಿಯವನು. ಮುಖ ಗಂಟು. "ಪಾರ್ಟಿ ಕರೆದುಕೊಂಡು ಬಂದದ್ದು ನಾನು. ನನಗೆ ಕಮಿಷನ್ ಬರಬೇಕು."

ಅತ್ತೆ ಗಲ್ಲಕ್ಕೆ ಕೈ ಇಟ್ಟುಕೊಂಡರು.

"ಏನಪಾ ತಮ್ಮಾ, ಸ್ವಂತ ಚಿತ್ತಪ್ಪಗ ಮನಿ ಕೊಡಿಸಿ ಯಾರರೆ ಕಮಿಷನ್ ಕೇಳ್ತಾರೇನು? ನಿಮ್ಮ ಕುಲದೈವಂ ಏನಂದೀತು?"